ಮೊದಲ ಪ್ಯಾಚ್ ಮರ್ಜ್ ಆದ್ಮೇಲೆ

ಎಲ್ಲರಿಗೂ ನಮಸ್ಕಾರ. ಓಪನ್ ಸೋರ್ಸ್ ಪ್ರಾಜೆಕ್ಟಿಗೆ, ಅಂದ್ರೆ ಕೋಡ್ ಯಾರು ಬೇಕಾದ್ರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರಿಗೆ, ಕಾಲೇಜು ಹುಡುಗ್ರು ಬರೋದು ಈಗ ಅಂಥ ಕಷ್ಟ ಏನಲ್ಲ. ಗೂಗಲ್‌ನೋರು 2005ರಲ್ಲೇ ಹೊಸಬರು ಇಂಥ ಪ್ರಾಜೆಕ್ಟಿಗೆ ಕೋಡ್ ಬರೆಯೋ ಸಮ್ಮರ್ ಆಫ್ ಕೋಡ್ ಶುರು ಮಾಡಿದ್ರು, ಪ್ರಾಜೆಕ್ಟಿನ ಕಡೆಯಿಂದ ದಾರಿ ತೋರ್ಸೋ ಮೆಂಟರ್ ಇರ್ತಾರೆ, ಕೈಗೆ ಸ್ಟೈಪೆಂಡೂ ಬರುತ್ತೆ. ಸ್ಟೈಪೆಂಡ್ ಕೊಡೋ ಇನ್ನೊಂದು ಇಂಟರ್ನ್‌ಶಿಪ್ ಔಟ್‌ರೀಚಿ ಇದೆ, ನಮ್ಮ ಕರ್ನಾಟಕದಲ್ಲೇ ಎಫ್‌ಎಸ್‌ಎಂಕೆಯೋರು (ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕ) ಇಂಜಿನಿಯರಿಂಗ್ ಕಾಲೇಜುಗಳಲ್ಲಿ ಗ್ಲಗ್ (ಗ್ನು/ಲಿನಕ್ಸ್ ಬಳಸೋರ ಗುಂಪು) ಕಟ್ಟಿಸಿ ಕ್ಯಾಂಪ್ ನಡೆಸಿದಾರೆ. ಬರೋರು ಬರ್ತಾರೆ, ಉಳಿಯೋರು ಕಡಿಮೆ, ಯಾಕಂದ್ರೆ ಮೊದಲ ಪ್ಯಾಚ್, ಅಂದ್ರೆ ಕೋಡಿಗೆ ಮಾಡಿ ಕಳಿಸಿದ ಬದಲಾವಣೆ, ಮರ್ಜ್ ಆಯ್ತು (ಪ್ರಾಜೆಕ್ಟಿಗೆ ಸೇರ್ತು) ಅಂದ ಕೂಡ್ಲೆ ನಾವು ಮೆಂಟರ್‌ಗಳು ನಮ್ಮ ಕೆಲಸ ಮುಗೀತು ಅನ್ಕೋತೀವಿ, ಮೆಂಟರಿಂಗ್ ನಿಜವಾಗಿ ಬೇಕಾಗೋದೇ ಅಲ್ಲಿಂದ.

ಅಕ್ಟೋಬರ್ ತಿಂಗಳಲ್ಲಿ ಓಪನ್ ಸೋರ್ಸಿಗೆ ಕೋಡ್ ಕಳಿಸೋಕೆ ಹುರಿದುಂಬಿಸೋ ಹ್ಯಾಕ್ಟೋಬರ್‌ಫೆಸ್ಟ್ ನೆನಪಿರಬಹುದು. 2020ರಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆ ಸೇರಿಸ್ಕೊಳ್ಳಿ ಅನ್ನೋ ಕೋರಿಕೆ) ಕಳಿಸಿದ್ರೆ ಟೀ ಶರ್ಟು ಅಂತಿತ್ತು, ಪ್ರಾಜೆಕ್ಟಿನ ಪರಿಚಯ ಇರೋ ರೀಡ್‌ಮೀ ಫೈಲಿಗೆ ಒಂದು ಪದ ಸೇರಿಸಿ ಕಳಿಸೋರು ಎಷ್ಟು ಜಾಸ್ತಿ ಆದ್ರು ಅಂದ್ರೆ ಪ್ರಾಜೆಕ್ಟ್ ನೋಡ್ಕೊಳ್ಳೋ ಮೇಂಟೇನರ್‌ಗಳು ರೋಸಿಹೋದ್ರು, ಕೊನೆಗೆ ಆ ತಿಂಗಳ ಮೊದಲ ವಾರದಲ್ಲೇ, ಸೇರೋಕೆ ಒಪ್ಪಿಕೊಂಡ ಪ್ರಾಜೆಕ್ಟುಗಳಿಗೆ ಕಳಿಸಿದ್ದು ಮಾತ್ರ ಲೆಕ್ಕ ಅಂತ ರೂಲ್ಸ್ ಬದಲಾಯಿಸಬೇಕಾಯ್ತು. ಅದಕ್ಕೆ ನಾನು ಹುಡುಗ್ರನ್ನ ಬೈಯಲ್ಲ. ಎಷ್ಟು ಕಳಿಸಬೇಕು ಅಂತ ಹೇಳೋರಿದ್ರು, ಏನು ಕಳಿಸಬೇಕು ಅಂತ ಪಕ್ಕದಲ್ಲಿ ಕೂತು ಹೇಳೋರು ಇರ್ಲಿಲ್ಲ.

ಒಬ್ಬ ಹುಡುಗಿ ಥರ್ಡ್ ಸೆಮ್‌ನಲ್ಲಿ ಇದಾಳೆ, ಹಾಸ್ಟೆಲ್ ರೂಮಿಂದ ರಾತ್ರಿ ಮೊದಲ ಸಲ ಪ್ಯಾಚ್ ಕಳಿಸ್ತಾಳೆ ಅನ್ಕೊಳ್ಳಿ. ಎರಡೇ ನಿಮಿಷಕ್ಕೆ ಆಟೊಮ್ಯಾಟಿಕ್ ಟೆಸ್ಟ್ ಕೆಂಪು ಗುರುತು ತೋರ್ಸುತ್ತೆ. ತಪ್ಪಿರೋದು ಸಾಲಿನ ಕೊನೇಲಿ ಉಳಿದ ಒಂದು ಖಾಲಿ ಸ್ಪೇಸು ಅಷ್ಟೇ, ಅವಳಿಗೆ ಮಾತ್ರ ತನ್ನ ಕೋಡೇ ಪೂರ್ತಿ ಹಾಳು ಅನ್ಸುತ್ತೆ. ಆಗ ಮೇಂಟೇನರ್ "ಗೈಡ್‌ಲೈನ್ಸ್ ಓದಿ" ಅಂತ ಎರಡೇ ಪದ ಬರೆದು ಹೋದ್ರೆ ಅವಳು ತಿರುಗಿ ಬರಲ್ಲ. "ಲಾಜಿಕ್ ಸರಿ ಇದೆ, 42ನೇ ಸಾಲಿನ ಕೊನೇಲಿ ಒಂದು ಸ್ಪೇಸ್ ಇದೆ, ತೆಗೆದು ಮತ್ತೆ ಪುಶ್ ಮಾಡಿ, ನಾಳೆ ಸಂಜೆಯೊಳಗೆ ನೋಡ್ತೀನಿ" ಅಂತ ಬರೆದ್ರೆ, ಮತ್ತೆ ನಾಳೆ ಸಂಜೆ ನಿಜವಾಗ್ಲೂ ನೋಡಿದ್ರೆ, ಬರ್ತಾಳೆ. ವಾರಗಟ್ಟಲೆ ರಿವ್ಯೂ ಆಗದೆ ಬಿದ್ದಿರೋ ಪ್ಯಾಚ್ ಬೈಗುಳಕ್ಕಿಂತ ಕೆಟ್ಟದ್ದು.

ಆಫೀಸ್ ಕೆಲಸದ ಓಪನ್ ಸೋರ್ಸ್ ಸಾಫ್ಟ್‌ವೇರ್ ಲಿಬ್ರೆ ಆಫೀಸ್‌ನೋರು ಹೊಸಬರಿಗೆ ಅಂತ ಇಡೋ ಈಸಿ ಹ್ಯಾಕ್ಸ್ ಪಟ್ಟಿ ನನಗೆ ಇಷ್ಟ ಆಗೋದು ಇದಕ್ಕೇ. ಸಣ್ಣ ಕೆಲಸ ಅಂತ ಲೇಬಲ್ ಹಚ್ಚಿ ಬಿಡಲ್ಲ, ಕೋಡಲ್ಲಿ ಎಲ್ಲಿ ನೋಡಬೇಕು, ಎಷ್ಟು ಕಷ್ಟ, ಏನು ಗೊತ್ತಿರಬೇಕು ಅಂತ ಬರೆದಿಡ್ತಾರೆ. ಅದನ್ನ ಬರೆಯೋ ಹೊತ್ತಲ್ಲಿ ಆ ಬಗ್ ಅವರೇ ಫಿಕ್ಸ್ ಮಾಡಬಹುದಿತ್ತು ನಿಜ, ಆದ್ರೂ ಬೇಕಂತಲೇ ಬಿಟ್ಟಿಡ್ತಾರೆ.

ಮೊದಲನೇದು ಮರ್ಜ್ ಆದ ದಿನವೇ ಎರಡನೇದು ಕೈಗೆ ಕೊಡಿ, ಸ್ವಲ್ಪ ದೊಡ್ಡದು ಕೊಡಿ. ಆಮೇಲೆ ಹೊಸಬರ ಪ್ಯಾಚ್ ರಿವ್ಯೂ ಮಾಡೋಕೆ ಅವರನ್ನೇ ಕರೀರಿ. ಡೌಟ್ ಕೇಳೋದನ್ನ ಎಲ್ಲರಿಗೂ ಕಾಣೋ ಚಾನೆಲ್‌ನಲ್ಲೇ ರೂಢಿ ಮಾಡ್ಸಿ. ಆಗ ಮೆಂಟರ್‌ಗೆ ಆಫೀಸಲ್ಲಿ ರಿಲೀಸ್ ಗಡಿಬಿಡಿ ಇದ್ರೂ ಇನ್ನೊಬ್ರು ಉತ್ರ ಕೊಡ್ತಾರೆ, ಆ ಹುಡುಗ ಅಥವಾ ಹುಡುಗಿಗೆ ಪ್ರಾಜೆಕ್ಟ್ ಅಂದ್ರೆ ಒಬ್ರೇ ವ್ಯಕ್ತಿ ಅಂತ ಆಗಲ್ಲ.

ಇನ್ನೊಂದು, ಇಂಟರ್ನಲ್ಸು, ಲ್ಯಾಬ್ ಎಕ್ಸಾಮು, ಪ್ಲೇಸ್‌ಮೆಂಟು ಬಂತು ಅಂದ್ರೆ ಅವರು ಎರಡು ತಿಂಗಳು ಕಾಣಲ್ಲ, ಅದು ಬಿಟ್ಟು ಹೋಗಿದ್ದಲ್ಲ. ಎಕ್ಸಾಮ್ ಯಾವಾಗ ಮುಗಿಯುತ್ತೆ ಅಂತ ಮೊದಲೇ ಕೇಳಿಟ್ಕೊಳ್ಳಿ, ಮುಗಿದ ವಾರ ನೀವೇ ಒಂದು ಮೆಸೇಜ್ ಹಾಕಿ. ಎಲ್ಲಿ ಹೋಗಿದ್ರಿ ಅಂತ ಕೇಳಬೇಡಿ, ಹೊಸ ಇಶ್ಯೂ (ಬಾಕಿ ಇರೋ ಕೆಲಸ) ನಂಬರ್ ಕಳಿಸಿ, ಇದು ನಿಮಗೆ ಅಂತ ಇಟ್ಟಿದ್ದೆ, ನೋಡ್ತೀರಾ ಅಂತ ಕೇಳಿ.

ನಮಸ್ಕಾರ.