ಅಯಸ್ಕಾಂತ ಕಂಡರೆ ಉದ್ದವಾಗುವ ಲೋಹ

[ದೃಶ್ಯ: ಹೊಲದ ಬದಿಯ ಟಿಸಿ (ಕರೆಂಟಿನ ಟ್ರಾನ್ಸ್‌ಫಾರ್ಮರ್). ಗುಂಯ್ ಎನ್ನುವ ಸದ್ದು.]

ಟಿಸಿ ಹತ್ತಿರ ನಿಂತಾಗ ಈ ಸದ್ದು ಕೇಳಿರ್ತೀರಿ. ಇದು ಬಹುಪಾಲು ಒಳಗಿನ ಉಕ್ಕಿನ ತಗಡುಗಳು ಸೆಕೆಂಡಿಗೆ 100 ಸಲ ಹಿಗ್ಗಿ ಕುಗ್ಗೋ ಸದ್ದು. ನಮ್ಮ ಕರೆಂಟು ಸೆಕೆಂಡಿಗೆ 50 ಸುತ್ತು. ಪ್ರತಿ ಸುತ್ತಿನಲ್ಲೂ ಕಾಂತಕ್ಷೇತ್ರ ಎರಡು ಸಲ ಏರಿ ಇಳಿಯುತ್ತೆ.

ಕಾಂತಕ್ಷೇತ್ರಕ್ಕೆ ಕಬ್ಬಿಣದ ಉದ್ದ ಬದಲಾಗುತ್ತೆ ಅಂತ 1842ರಲ್ಲೇ ವಿಜ್ಞಾನಿ ಜೇಮ್ಸ್ ಜೌಲ್ ಕಂಡುಕೊಂಡಿದ್ದರು. ಆದರೆ ಮೀಟರ್ ಉದ್ದದ ಸರಳಿನಲ್ಲಿ ಆಗೋ ವ್ಯತ್ಯಾಸ ಕೆಲವೇ ಮೈಕ್ರಾನ್ (ಒಂದು ಮೈಕ್ರಾನ್ ಅಂದ್ರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ). 1970ರ ದಶಕದಲ್ಲಿ ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ ಟರ್ಫೆನಾಲ್-ಡಿ ಅನ್ನೋ ಮಿಶ್ರಲೋಹ ಇದನ್ನ ಒಂದೆರಡು ಮಿಲಿಮೀಟರಿಗೆ ತಂತು. ನೀರೊಳಗೆ ಸದ್ದು ಕಳಿಸಿ ವಸ್ತುಗಳನ್ನ ಪತ್ತೆಮಾಡೋ ಸೋನಾರ್‌ಗೆ ಅಷ್ಟು ಸಾಕಿತ್ತು.

ನನ್ನನ್ನ ನಿಜವಾಗಿ ಬೆರಗಾಗಿಸಿದ್ದು ನಿಕ್ಕಲ್, ಮ್ಯಾಂಗನೀಸ್, ಗ್ಯಾಲಿಯಂ ಸೇರಿದ ಮಿಶ್ರಲೋಹ. 1996ರಲ್ಲಿ ಸಂಶೋಧಕ ಕಾರಿ ಉಲ್ಲಾಕ್ಕೊ ಮತ್ತು ಜೊತೆಗಾರರು ಇದರಲ್ಲಿ ಶೇ. 0.2ರಷ್ಟು ಬದಲಾವಣೆ ತೋರಿಸಿದರು. ಕೆಲವೇ ವರ್ಷಗಳಲ್ಲಿ ಅದು ಶೇ. 6 ಆಯ್ತು. ಅಂದ್ರೆ ಮೀಟರಿಗೆ 6 ಸೆಂಟಿಮೀಟರ್ ಲೆಕ್ಕ!

[ದೃಶ್ಯ: ಮೇಜಿನ ಮೇಲೆ ಬೆಂಕಿಪೊಟ್ಟಣಗಳು, ಕೆಲವು ನಿಂತಿವೆ, ಕೆಲವು ಮಲಗಿವೆ.]

ಇಲ್ಲಿ ಲೋಹವನ್ನ ಯಾರೂ ಎಳೀತಿಲ್ಲ. ಹರಳಿನ ಒಳಗೆ ಪರಮಾಣುಗಳು ಇಂಥ ಪುಟ್ಟ ಪೆಟ್ಟಿಗೆಗಳಾಗಿ ಜೋಡಣೆಯಾಗಿವೆ. ಪೆಟ್ಟಿಗೆಯ ಒಂದು ಬದಿ ಸ್ವಲ್ಪ ಗಿಡ್ಡ. ಕಾಂತತ್ವ ಆ ಗಿಡ್ಡ ಬದಿಯ ಗುಂಟ ನಿಲ್ಲೋಕೆ ಇಷ್ಟಪಡುತ್ತೆ. ಅಯಸ್ಕಾಂತ ಹಿಡಿದರೆ, ಗಿಡ್ಡ ಬದಿಯನ್ನ ಕ್ಷೇತ್ರದ ಕಡೆ ಇಟ್ಟ ಪೆಟ್ಟಿಗೆಗಳ ಸಾಲು ಬೆಳೀತಾ ಹೋಗುತ್ತೆ, ಅಡ್ಡ ಇದ್ದವು ಒಂದೊಂದಾಗಿ ಹೊರಳಿ ಅದಕ್ಕೆ ಸೇರುತ್ತವೆ. ಕ್ಷೇತ್ರದ ಗುಂಟ ಹರಳು ಕುಗ್ಗುತ್ತೆ, ಅಡ್ಡಕ್ಕೆ ಹಿಗ್ಗುತ್ತೆ. ಅಯಸ್ಕಾಂತ ತೆಗೆದರೂ ಆಕಾರ ಹಾಗೇ ಉಳಿಯುತ್ತೆ. ವಾಪಸ್ ತರೋಕೆ ಕ್ಷೇತ್ರವನ್ನ 90 ಡಿಗ್ರಿ ತಿರುಗಿಸಬೇಕು, ಇಲ್ಲವೇ ಸ್ಪ್ರಿಂಗಿನಿಂದ ಒತ್ತಬೇಕು.

ಬಿಸಿಗೆ ಆಕಾರ ಬದಲಿಸೋ ನಿಟಿನಾಲ್ ತಂತಿ ನೋಡಿರಬಹುದು. ಅದು ತಣ್ಣಗಾಗೋವರೆಗೆ ಕಾಯಬೇಕು. ಇದಕ್ಕೆ ಆ ಕಾಯುವಿಕೆ ಇಲ್ಲ.

ಕಷ್ಟಗಳೂ ಇವೆ. ಇಡೀ ತುಂಡು ಒಂದೇ ಹರಳಾಗಿ ಬೆಳೆದಿದ್ದರೇ ಚೆನ್ನ. ಹಲವು ಹರಳು ಸೇರಿದ್ದರೆ ಒಂದನ್ನೊಂದು ತಡೆಯುತ್ತವೆ. ಬೇಗ ಬಿರುಕು ಬಿಡುತ್ತೆ. ಸುಮಾರು 100 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದರ ಕಾಂತಗುಣವೇ ಹೋಗುತ್ತೆ.

ಆದರೂ ಅಮೆರಿಕದ ಬೊಯಿಸಿ ಸ್ಟೇಟ್ ವಿಶ್ವವಿದ್ಯಾಲಯದವರು ಇದರಿಂದ ಮಾಡಿದ ಪುಟ್ಟ ಪಂಪು ನೋಡಿ. ಹೊರಗೆ ಅಯಸ್ಕಾಂತ ತಿರುಗುತ್ತೆ. ಹರಳಿನ ಮೈಮೇಲೆ ಒಂದು ಸಣ್ಣ ತಗ್ಗು ಈ ತುದಿಯಿಂದ ಆ ತುದಿಗೆ ಸಾಗುತ್ತೆ. ತಗ್ಗಿನೊಳಗೆ ಒಂದು ಹನಿ ಔಷಧಿಯೂ ಸಾಗುತ್ತೆ. ಹರಳಿಗೆ ವೈರಿಲ್ಲ, ಗೇರಿಲ್ಲ.