ಎದುರಾಳಿಗಳ ಊರಲ್ಲೂ ಚಪ್ಪಾಳೆ ಗಿಟ್ಟಿಸಿದ ಇನಿಯೆಸ್ಟಾ

[ದೃಶ್ಯ: ಜೋಹಾನ್ಸ್‌ಬರ್ಗ್, 2010 ಜುಲೈ 11]

ನಮಸ್ಕಾರ. ಫುಟ್‌ಬಾಲ್ ವರ್ಲ್ಡ್ ಕಪ್ ಫೈನಲ್ ನಡೀತಿದೆ. ಸ್ಪೇನ್, ನೆದರ್ಲೆಂಡ್ಸ್ ಇಬ್ಬರದ್ದೂ ಒಂದೂ ಗೋಲಿಲ್ಲ. 116ನೇ ನಿಮಿಷದಲ್ಲಿ ಫ್ಯಾಬ್ರೆಗಾಸ್ ಬಾಲ್ ಕೊಟ್ಟರು. ಪುಟಿದ ಬಾಲ್ ಕೆಳಗಿಳಿಯೋವರೆಗೂ ಕಾದು, ಸ್ಪೇನ್‌ನ ಆಂದ್ರೆಸ್ ಇನಿಯೆಸ್ಟಾ ಬಲವಾಗಿ ಒದ್ದರು. ಗೋಲ್!

ಓಡುತ್ತಲೇ ಜೆರ್ಸಿ ಕಿತ್ತು ಎಸೆದರು. ಒಳಗಿನ ಬಿಳಿ ಬನಿಯನ್ ಮೇಲೆ ಕೈಯಲ್ಲಿ ಬರೆದ ಸಾಲು: 'ಡಾನಿ ಹಾರ್ಕೆ, ಯಾವಾಗಲೂ ನಮ್ಮ ಜೊತೆ'. ಜೆರ್ಸಿ ತೆಗೆದದ್ದಕ್ಕೆ ರೆಫರಿ ಹಳದಿ ಕಾರ್ಡ್ ತೋರಿಸಿದರು. ನಿಯಮ ನಿಯಮವೇ ಅಲ್ವಾ!

ಹಾರ್ಕೆ ಯಾರು ಗೊತ್ತಾ? ಎಸ್ಪಾನ್ಯೋಲ್ ತಂಡದ ಕ್ಯಾಪ್ಟನ್. 2009ರ ಆಗಸ್ಟ್‌ನಲ್ಲಿ, ಬರೀ 26 ವರ್ಷಕ್ಕೆ, ಹೃದಯಾಘಾತದಿಂದ ತೀರಿಕೊಂಡರು. ಸ್ಪೇನ್‌ನ ಕಿರಿಯರ ತಂಡಗಳಲ್ಲಿ ಇನಿಯೆಸ್ಟಾ ಜೊತೆ ಆಡಿದವರು. ಆ ಸಾವಿನ ನಂತರ ಇನಿಯೆಸ್ಟಾ ಖಿನ್ನತೆಗೆ ಜಾರಿದ್ದರು. ಅದನ್ನು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಈಗ ಮಜಾ ನೋಡಿ. ಎಸ್ಪಾನ್ಯೋಲ್ ಅಂದರೆ ಇನಿಯೆಸ್ಟಾ ಆಡುತ್ತಿದ್ದ ಬಾರ್ಸಿಲೋನಾ (ಬಾರ್ಸಾ) ಕ್ಲಬ್‌ನ ಊರೊಳಗಿನ ಎದುರಾಳಿ, ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಆಗಲ್ಲ. 2010ರ ಡಿಸೆಂಬರ್‌ನಲ್ಲಿ ಬಾರ್ಸಾ ಅವರ ಮೈದಾನಕ್ಕೇ ಹೋಗಿ 5-1ರಿಂದ ಗೆದ್ದಿತು. ಆದರೂ ಅಲ್ಲಿನ ಜನ ಇನಿಯೆಸ್ಟಾಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು.

[ದೃಶ್ಯ: ಸ್ಪೇನ್ ಮ್ಯಾಪ್, ಫುಯೆಂತೆಯಾಲ್ಬಿಯಾ]

ಹುಟ್ಟಿದ್ದು 1984ರಲ್ಲಿ, ಈ ಪುಟ್ಟ ಊರಲ್ಲಿ. 12ನೇ ವಯಸ್ಸಿಗೆ ಬಾರ್ಸಾದ ಲಾ ಮಾಸಿಯಾ ಅಕಾಡೆಮಿಗೆ ಬಂದ ಹುಡುಗ ಅಪ್ಪ-ಅಮ್ಮನ ನೆನಪಲ್ಲಿ ಬಿಕ್ಕಿ ಬಿಕ್ಕಿ ಅತ್ತಿದ್ದ. ದೊಡ್ಡವನಾದ ಮೇಲೂ ಸಂಕೋಚದ ಸ್ವಭಾವ. ಕುಳ್ಳಗಿನ ಆಳು, ಮೈಮೇಲೆ ಹಚ್ಚೆ ಇಲ್ಲ, ಬಾಯಲ್ಲಿ ಜಂಬದ ಮಾತಿಲ್ಲ. ಬಾಲ್ ಸಿಕ್ಕರೆ ಮಾತ್ರ ಬೇರೆಯೇ ಮನುಷ್ಯ! ಬಲಗಾಲಿಂದ ಎಡಗಾಲಿಗೆ ಬಾಲ್ ಸರಕ್ಕನೆ ದಾಟಿಸುವ 'ಕ್ರೊಕೇತಾ' ನೋಡಿ, ಸ್ಲೋ ಮೋಷನ್‌ನಲ್ಲಿ ಹಾಕ್ತೀನಿ. ಇಬ್ಬರು ಡಿಫೆಂಡರ್‌ಗಳ ನಡುವೆ ಇದ್ದದ್ದು ಒಂದು ಗೇಣು ಜಾಗ. ಅದರಲ್ಲೇ ನುಸುಳಿದರು.

2015ರಲ್ಲಿ ಬದ್ಧ ಎದುರಾಳಿ ರಿಯಲ್ ಮ್ಯಾಡ್ರಿಡ್‌ನ ಬೆರ್ನಬ್ಯೂ ಮೈದಾನದಲ್ಲಿ ಬಾರ್ಸಾ 4-0 ಗೆದ್ದಿತು. ಅದರಲ್ಲಿ ಇನಿಯೆಸ್ಟಾದೂ ಒಂದು ಗೋಲು. ಹೊರಗೆ ಹೋಗುವಾಗ ಮ್ಯಾಡ್ರಿಡ್ ಫ್ಯಾನ್ಸೇ ಚಪ್ಪಾಳೆ ತಟ್ಟಿದರು. ಎಲ್ಲೆಡೆ ಹೀಗೇ ಅಂತಲ್ಲ, ಸ್ಪೇನ್‌ನದೇ ಇನ್ನೊಂದು ಊರಾದ ಬಿಲ್ಬಾವೊ ಜನ ಸಿಳ್ಳೆ ಹಾಕಿ ಗೇಲಿ ಮಾಡುತ್ತಿದ್ದರು. ಇನಿಯೆಸ್ಟಾ ಮೇಲೆ ಫೌಲ್ ಮಾಡಿದ ತಮ್ಮ ಆಟಗಾರನಿಗೆ ರೆಡ್ ಕಾರ್ಡ್ ಸಿಕ್ಕಿದ ಸಿಟ್ಟು ಅದು.

ಬಾರ್ಸಾಗೆ 674 ಪಂದ್ಯ, ಸ್ಪೇನ್‌ಗೆ 131. 2012ರ ಯೂರೋ ಕಪ್‌ನ ಅತ್ಯುತ್ತಮ ಆಟಗಾರ. ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಪ್ರಶಸ್ತಿ ಮಾತ್ರ ಬರಲೇ ಇಲ್ಲ, 2010ರಲ್ಲಿ ಮೆಸ್ಸಿಯ ಹಿಂದೆ ಎರಡನೇ ಸ್ಥಾನ. ನನ್ನನ್ನು ಕೇಳಿದರೆ ಆ ವರ್ಷ ಇವರಿಗೇ ಸಿಗಬೇಕಿತ್ತು. ಬೈಯುವವರು ಕಾಮೆಂಟ್‌ನಲ್ಲಿ ಬೈಯಿರಿ! ಆಮೇಲೆ ಜಪಾನ್‌ನ ವಿಸ್ಸೆಲ್ ಕೋಬೆ, ಯುಎಇಯ ಎಮಿರೇಟ್ಸ್ ಕ್ಲಬ್. 2024ರ ಅಕ್ಟೋಬರ್ 8ಕ್ಕೆ ನಿವೃತ್ತಿ. ಅವರ ಜೆರ್ಸಿ ನಂಬರ್ರೂ 8, ಸುಮ್ನೆ ಆರಿಸಿದ ತಾರೀಖಲ್ಲ.

[ದೃಶ್ಯ: ಬಾರ್ಸಾದ ಮೈದಾನ ಕ್ಯಾಂಪ್ ನೌ, 2018 ಮೇ]

ಇದು ಬಾರ್ಸಾ ಪರ ಕೊನೆಯ ಪಂದ್ಯ ಮುಗಿದ ರಾತ್ರಿ. ಮಧ್ಯರಾತ್ರಿ ದಾಟಿದೆ, ಗ್ಯಾಲರಿ ಪೂರ್ತಿ ಖಾಲಿ. ಇನಿಯೆಸ್ಟಾ ಬರಿಗಾಲಲ್ಲಿ, ಮೈದಾನದ ನಟ್ಟನಡುವೆ, ಒಬ್ಬರೇ ಕೂತಿದ್ದಾರೆ.