ಉಪ್ಪಿನ ಹರಳಿನ ಲೆಕ್ಕ

ಸ್ನೇಹಿತರೇ, ಅಯಾನಿಕ ಬಂಧದ (ವಿದ್ಯುದಾವೇಶ ಹೊತ್ತ ಪರಮಾಣುಗಳು, ಅಂದರೆ ಅಯಾನುಗಳು, ಒಂದನ್ನೊಂದು ಎಳೆದು ಹಿಡಿಯುವ ಬಂಧ) ಪಾಠ ಮಾಡುವಾಗ ನಾವೆಲ್ಲ ಒಂದೇ ಚಿತ್ರ ಬರೆಯುತ್ತೇವೆ. ಸೋಡಿಯಂ ಒಂದು ಎಲೆಕ್ಟ್ರಾನು ಕೊಡುತ್ತದೆ, ಕ್ಲೋರಿನ್ ತೆಗೆದುಕೊಳ್ಳುತ್ತದೆ, ಎರಡರ ಹೊರಕವಚದಲ್ಲೂ ಎಂಟು ಭರ್ತಿ. ಚಿತ್ರ ತಪ್ಪಲ್ಲ. ಆದರೆ ಉಪ್ಪು ಯಾಕೆ ಆಗುತ್ತದೆ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಲೆಕ್ಕ ಹಾಕಿಯೇ ನೋಡೋಣ.

ಒಂದು ಮೋಲ್ (ಪರಮಾಣು, ಅಣುಗಳನ್ನು ಎಣಿಸುವ ಒಂದು ದೊಡ್ಡ ಕಟ್ಟು), ಅಂದರೆ 23 ಗ್ರಾಂ ಸೋಡಿಯಂ ಲೋಹವನ್ನು ಬಿಡಿ ಪರಮಾಣುಗಳ ಅನಿಲವಾಗಿಸಲು ಸುಮಾರು 107 ಕಿಲೋಜೂಲ್ ಬೇಕು. ಅರ್ಧ ಮೋಲ್ ಕ್ಲೋರಿನ್ ಅಣುಗಳನ್ನು ಒಡೆಯಲು 121. ಸೋಡಿಯಂನಿಂದ ಎಲೆಕ್ಟ್ರಾನು ಕೀಳಲು 496. ಖರ್ಚೇ 724 ಆಯಿತು. ಕ್ಲೋರಿನ್ ಆ ಎಲೆಕ್ಟ್ರಾನನ್ನು ಸೇರಿಸಿಕೊಂಡಾಗ ವಾಪಸು ಬರುವುದು 349 ಮಾತ್ರ. ಇನ್ನೂ 375 ಸಾಲ ಉಳಿಯಿತು! ಅದನ್ನು ತೀರಿಸುವುದು ಹರಳು. ದೂರ ದೂರವಿದ್ದ ಧನ, ಋಣ ಅಯಾನುಗಳು ಒಂದರ ಪಕ್ಕ ಒಂದು ಬಂದು ಜಾಲಕವಾಗಿ ಕೂತಾಗ 787 ಕಿಲೋಜೂಲ್ ಬಿಡುಗಡೆಯಾಗುತ್ತದೆ. ಇದೇ ಜಾಲಕ ಶಕ್ತಿ. ಸಾಲ ಕಳೆದರೆ 412 ಮಿಗುತ್ತದೆ. ಸೋಡಿಯಂ, ಕ್ಲೋರಿನ್ ಸೇರಿ ಉಪ್ಪಾಗುವಾಗ ಹೊರಬರುವ ಶಾಖವನ್ನು ಅಳೆದು ಕಂಡ ಬೆಲೆ 411. ಎಂಟರ ನಿಯಮ ಯಾವ ಅಯಾನು ಆಗುತ್ತದೆಂದು ಊಹಿಸಲು ಸಾಕು, ಕಾರಣ ಕೇಳಿದರೆ ಜಾಲಕವನ್ನೇ ತೋರಿಸಬೇಕು.

ಹರಳಿನಲ್ಲಿ ಪ್ರತಿ ಸೋಡಿಯಂ ಅಯಾನಿನ ಸುತ್ತ ಆರು ಕ್ಲೋರೈಡ್, ಪ್ರತಿ ಕ್ಲೋರೈಡಿನ ಸುತ್ತ ಆರು ಸೋಡಿಯಂ. ಹಾಗಾಗಿ 'ಉಪ್ಪಿನ ಅಣು' ಎನ್ನುವುದನ್ನು ತರಗತಿಯಲ್ಲಿ ಬಿಟ್ಟುಬಿಡುವುದು ಒಳ್ಳೆಯದು. ಸೂತ್ರ ಹೇಳುವುದು ಬರೀ ಅನುಪಾತ. ಉಪ್ಪು ಕರಗಿ ದ್ರವವಾಗಲು 801 ಡಿಗ್ರಿ ಸೆಲ್ಸಿಯಸ್ ಬೇಕಾಗುವುದೂ ಈ ಎಲ್ಲ ದಿಕ್ಕಿನ ಎಳೆತದಿಂದಲೇ. ಮೆಗ್ನೀಷಿಯಂ ಆಕ್ಸೈಡಿನಲ್ಲಿ ಎರಡೂ ಅಯಾನುಗಳ ಆವೇಶ ಇಮ್ಮಡಿ, ಅಂತರವೂ ಕಡಿಮೆ. ಅದು 2800 ಡಿಗ್ರಿ ದಾಟಿದ ಮೇಲೆಯೇ ಕರಗುವುದು. ಉಕ್ಕಿನ ಕುಲುಮೆಯ ಒಳಗೋಡೆಗೆ ಅದರ ಇಟ್ಟಿಗೆ ಕಟ್ಟುತ್ತಾರೆ. ಇಷ್ಟು ಬಿಗಿಯಾದ ಹರಳು ಸುತ್ತಿಗೆಯ ಒಂದೇ ಏಟಿಗೆ ಯಾಕೆ ಒಡೆಯುತ್ತದೆ? ಒಂದು ಪದರ ಒಂದು ಅಯಾನಿನಷ್ಟು ಜಾರಿದರೆ ಸಾಕು, ಧನದೆದುರು ಧನ, ಋಣದೆದುರು ಋಣ ಬಂದು ನಿಂತು ತಳ್ಳಾಡುತ್ತವೆ.

ವಿದ್ಯುತ್ ವಾಹಕತೆಯನ್ನು ಮಾತ್ರ ಮಾಡಿಯೇ ತೋರಿಸಿ. 9 ವೋಲ್ಟ್ ಬ್ಯಾಟರಿ, ಕೆಂಪು ಎಲ್‌ಇಡಿ, ಅದರ ಜೊತೆ ಸರಣಿಯಲ್ಲಿ 470 ಓಮ್ ರೋಧಕ, ಎರಡೂ ತುದಿ ಚೂಪು ಮಾಡಿದ ಎರಡು ಪೆನ್ಸಿಲ್. ಒಣ ಉಪ್ಪಿನಲ್ಲಿ ಪೆನ್ಸಿಲ್ ತುದಿ ಊರಿದರೆ ದೀಪ ಹತ್ತದು. ಅಯಾನುಗಳಿವೆ, ಆದರೆ ಅಲುಗಾಡುವಂತಿಲ್ಲ. 100 ಮಿಲಿ ಡಿಸ್ಟಿಲ್ಡ್ ವಾಟರಿಗೆ ಒಂದು ಚಮಚ ಉಪ್ಪು ಕರಗಿಸಿ ಅದ್ದಿದರೆ ಹತ್ತುತ್ತದೆ. ಪ್ರಯೋಗ ಕೆಡುವುದು ಹೆಚ್ಚಾಗಿ ನೀರಿನಿಂದ. ಬೋರ್‌ವೆಲ್ ನೀರಿನಲ್ಲಿ ಮೊದಲೇ ಕ್ಯಾಲ್ಸಿಯಂ, ಬೈಕಾರ್ಬೊನೇಟ್ ಅಯಾನುಗಳಿರುವುದರಿಂದ ಉಪ್ಪು ಹಾಕುವ ಮುನ್ನವೇ ದೀಪ ಮಿಣುಕಬಹುದು. ಪೆನ್ಸಿಲ್ ಬದಲು ತಾಮ್ರದ ತಂತಿ ಅದ್ದಬೇಡಿ. ಧನ ತುದಿಯ ತಾಮ್ರ ಸವೆದು ದ್ರಾವಣ ಕದಡುತ್ತದೆ. ಋಣ ತುದಿಯ ಬಳಿ ಒಂದು ತೊಟ್ಟು ಫಿನಾಲ್ಫ್ಥಲೀನ್ (ಪ್ರತ್ಯಾಮ್ಲವನ್ನು ತೋರಿಸುವ ಸೂಚಕ) ಬಿಟ್ಟರೆ ಗುಲಾಬಿ ಬಣ್ಣ ಏಳುತ್ತದೆ, ಅಲ್ಲಿ ಹೈಡ್ರೋಜನ್ ಬಿಟ್ಟು ಹೈಡ್ರಾಕ್ಸೈಡ್ ಉಳಿಯುತ್ತದೆ. ಧನ ತುದಿಯಲ್ಲಿ ಕ್ಲೋರಿನ್ ಬರುವುದರಿಂದ ಕಿಟಕಿ ತೆರೆದಿಟ್ಟು ಒಂದೆರಡು ನಿಮಿಷದಲ್ಲಿ ಮುಗಿಸಿ. ಮನೆ ಕರೆಂಟಿನ ಪ್ಲಗ್ಗಿಗೆ ಇದನ್ನು ಯಾವ ಕಾರಣಕ್ಕೂ ಜೋಡಿಸಬಾರದು.

ಅಯಾನಿಕ ಸಂಯುಕ್ತಗಳೆಲ್ಲ ನೀರಿನಲ್ಲಿ ಕರಗುತ್ತವೆ ಎಂದು ಬರೆಸುವುದೂ ಸರಿಯಲ್ಲ. 25 ಡಿಗ್ರಿಯಲ್ಲಿ 100 ಮಿಲಿ ನೀರು ಸುಮಾರು 36 ಗ್ರಾಂ ಉಪ್ಪನ್ನು ಕರಗಿಸುತ್ತದೆ. ಸಿಲ್ವರ್ ಕ್ಲೋರೈಡಾದರೆ ಲೀಟರಿಗೆ ಎರಡು ಮಿಲಿಗ್ರಾಂ ಕರಗಿದರೆ ಹೆಚ್ಚು. ನೀರಿನ ಅಣುಗಳು ಅಯಾನುಗಳನ್ನು ಸುತ್ತುವರಿದಾಗ ಸಿಗುವ ಶಕ್ತಿ ಜಾಲಕ ಬಿಡಿಸುವ ಖರ್ಚಿಗೆ ಹತ್ತಿರ ಬರದಿದ್ದರೆ ಹರಳು ಹಾಗೇ ಉಳಿಯುತ್ತದೆ.

ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಉಪ್ಪಿನ ಗದ್ದೆಗಳಲ್ಲಿ ಸಮುದ್ರದ ನೀರು ಆರುವಾಗ ಜಿಪ್ಸಂ ಮೊದಲು ಕೂರುತ್ತದೆ, ಆಮೇಲೆ ಉಪ್ಪು. ಮೆಗ್ನೀಷಿಯಂ ಕ್ಲೋರೈಡ್ ಕೊನೆಯ ಕಹಿನೀರಿನಲ್ಲಿ ಉಳಿಯುತ್ತದೆ. ಶುದ್ಧ ಸೋಡಿಯಂ ಕ್ಲೋರೈಡ್ ತೇವ ಹೀರಿ ನೀರೊಡೆಯಲು ಗಾಳಿಯ ತೇವ ಶೇಕಡಾ 75 ದಾಟಬೇಕು, ಮೆಗ್ನೀಷಿಯಂ ಕ್ಲೋರೈಡಿಗೆ ಶೇಕಡಾ 33 ಸಾಕು. ಕಹಿನೀರು ಪೂರ್ತಿ ಬಸಿಯದ ಕಲ್ಲುಪ್ಪು ಮಳೆಗಾಲಕ್ಕೆ ಮುಂಚೆಯೇ ಭರಣಿಯಲ್ಲಿ ಒದ್ದೆಯಾಗುವುದು ಈ ಕಾರಣಕ್ಕೆ.